ಬಿಸಿಲು ಬಂದರೆ ಸೋರುವ ಮಾಡು: ಮಿನ್ನೆಸೋಟದ ಒಂದು ಅಟ್ಟದ ಪ್ರಕರಣ

ಮಿನಿಯಾಪೊಲಿಸ್ ಸುತ್ತಮುತ್ತ ಮನೆ ತಪಾಸಣೆ ಮಾಡುವುದು ನನ್ನ ಕಸುಬು. ಮನೆ ಕೊಳ್ಳುವವರ ಪರವಾಗಿ ಮಾಡು (ಚಾವಣಿ), ತಳಪಾಯ, ಕೊಳಾಯಿ, ಕರೆಂಟು ನೋಡಿ ವರದಿ ಬರೆದುಕೊಡುತ್ತೇನೆ. ಈ ಪ್ರಕರಣದಲ್ಲಿ ವರದಿ ಬರೆದಿರಲಿಲ್ಲ. ಪರಿಚಯದ ಕನ್ನಡದ ಮನೆ, ಬಾಯಿಮಾತಿನ ಸಲಹೆ ಕೊಟ್ಟೆ, ಆ ಮೊದಲ ಸಲಹೆ ತಪ್ಪಿತು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ವರ್ಷ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕಾರಣ, ಕ್ರಮ, ಎಡವಟ್ಟು ಮಾತ್ರ ಇದ್ದದ್ದು ಇದ್ದಂತೆ.

ಮನೆ 1940ರ ದಶಕದ ಕೊನೆಯದು, ಇಲ್ಲಿನವರು ಒಂದೂವರೆ ಅಂತಸ್ತು ಎನ್ನುವ ಮಾದರಿ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದಾಗ ಇಂಥವು ಸಾಲುಸಾಲಾಗಿ ಎದ್ದವು. ಕೆಳಗೆ ಪೂರ್ತಿ ಮನೆ, ಮೇಲೆ ಕಡಿದಾದ ಮಾಡಿನಡಿ ಖಾಲಿ ಅಟ್ಟ. ಸಂಸಾರ ಬೆಳೆದ ಹಾಗೆ ಅಟ್ಟವನ್ನೇ ಕೋಣೆ ಮಾಡಿಕೊಳ್ಳಿ ಎಂಬ ಲೆಕ್ಕ. ಈ ಮನೆಯ ಅಟ್ಟ 1988ರಲ್ಲಿ ಕೋಣೆಯಾಯಿತು ಎಂದು ನಗರದ ಪರ್ಮಿಟ್ ದಾಖಲೆಯಲ್ಲಿತ್ತು. ಒಂದು ಮಲಗುವ ಕೋಣೆ, ಒಂದು ಬಚ್ಚಲು. ಎರಡೂ ಬದಿ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಇಳಿಜಾರು ಸೀಲಿಂಗ್, ನಡುವೆ ಐದಡಿ ಅಗಲದ ಸಮತಟ್ಟು ಸೀಲಿಂಗ್. ಎಲ್ಲಕ್ಕೂ ಅರ್ಧ ಇಂಚಿನ ಡ್ರೈವಾಲ್. ಬೆಂಗಳೂರಿನ ಫಾಲ್ಸ್ ಸೀಲಿಂಗಿನ ಜಿಪ್ಸಮ್ ಬೋರ್ಡಿನ ಜಾತಿಯೇ ಇದು, ಎರಡೂ ಮುಖಕ್ಕೆ ಕಾಗದ, ನಡುವೆ ಜಿಪ್ಸಮ್. ಸಮತಟ್ಟು ಸೀಲಿಂಗಿನ ಮೇಲೆ, ಮಾಡಿನ ತುದಿಯವರೆಗೆ, ಎರಡೂವರೆ ಅಡಿ ಎತ್ತರದ ಒಂದು ಕತ್ತಲ ಗೂಡು ಉಳಿದಿತ್ತು. ಅದಕ್ಕೆ ಹೋಗಲು ಬಾಗಿಲೇ ಇರಲಿಲ್ಲ. 1988ರಲ್ಲಿ ಮುಚ್ಚಿದವರನ್ನು ಬಿಟ್ಟರೆ ಅದರೊಳಗೆ ಯಾರೂ ಇಣುಕಿರಲಿಲ್ಲ. ಇಡೀ ಕಥೆ ಇದ್ದದ್ದು ಅಲ್ಲೇ.

ಕಲೆ ಮೊದಲು ಕಂಡದ್ದು ಮಾರ್ಚಿನಲ್ಲಿ. ಸಮತಟ್ಟು ಸೀಲಿಂಗು ದಕ್ಷಿಣದ ಇಳಿಜಾರಿಗೆ ಸೇರುವ ಅಂಚಿನಲ್ಲಿ ಅಂಗೈಯಗಲದ ಚಹಾ ಬಣ್ಣದ ಮಚ್ಚೆ, ಸುತ್ತ ಗಾಢ ಅಂಚು. ನೀರು ಬೋರ್ಡಿನ ಕಾಗದದಲ್ಲಿ ಹರಡಿ ಅಂಚಿನಲ್ಲಿ ಆರುತ್ತದೆ, ತಾನು ಕರಗಿಸಿ ತಂದದ್ದನ್ನು ಅಲ್ಲೇ ಬಿಡುತ್ತದೆ, ಅದಕ್ಕೇ ಆ ಉಂಗುರ. ಆಗ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮುಟ್ಟಿದರೆ ಒಣಗಿತ್ತು. ಬೇಸಿಗೆಯಲ್ಲಿ ಗಂಡ (ಮುಂದೆ ಇವರನ್ನು ಅಳಿಯ ಎನ್ನುತ್ತೇನೆ, ಯಾಕೆಂದು ಗೊತ್ತಾಗುತ್ತದೆ) ಗ್ಯಾರೇಜಿನಲ್ಲಿ ಉಳಿದಿದ್ದ ಸೀಲಿಂಗ್ ಪೇಂಟು ಎರಡು ಕೈ ಬಳಿದರು. ಅಕ್ಟೋಬರಿಗೆ ಕಲೆ ಪೇಂಟಿನ ಮೂಲಕ ಮತ್ತೆ ಮೂಡಿತು. ಫೋಟೋ ತೆಗೆದು ನನಗೆ ಕಳಿಸಿದರು.

ಇಲ್ಲಿ ನಾನು ಎಡವಿದೆ. ಪೇಂಟಿನ ಮೇಲೂ ಕಲೆ ಬಂದಿದೆ ಎಂದರೆ ನೀರು ಈಗಲೂ ಬರುತ್ತಿದೆ ಎಂದುಕೊಂಡೆ. ಅದು ಹಾಗೇನೂ ಆಗಬೇಕಿಲ್ಲ. ನೀರು ಬೆರೆಸುವ ಲೇಟೆಕ್ಸ್ ಪೇಂಟು ಹಳೇ ಕಲೆಯನ್ನು ತಾನೇ ಕರಗಿಸಿ ಮೇಲಕ್ಕೆ ಎಳೆದುಕೊಳ್ಳುತ್ತದೆ, ಒಂದು ಹನಿ ಹೊಸ ನೀರು ಬೀಳದಿದ್ದರೂ. ಅದು ಗೊತ್ತಿದ್ದೂ ಫೋಟೋ ನೋಡಿದ ಅವಸರದಲ್ಲಿ ಹೊಳೆಯಲಿಲ್ಲ. ಜೊತೆಗೆ ಬಂದ ಇನ್ನೊಂದು ಫೋಟೋದಲ್ಲಿ ಹೊರಗಿನ ಮಾಡಿನ ಮೇಲೆ ಬಚ್ಚಲ ಕೊಳಾಯಿಯ ಗಾಳಿಕೊಳವೆ ಕಾಣುತ್ತಿತ್ತು. ಅದರ ಬುಡದ ರಬ್ಬರ್ ಕಾಲರ್ ಬಿಸಿಲಿಗೆ ಸೀಳಿತ್ತು. "ಇದೇ ಇರಬೇಕು, ಮಾಡಿನವರನ್ನು ಕರೆಸಿ" ಎಂದೆ. ಮಾಡಿನ ಕೆಲಸದವರು ಬಂದು ಅದನ್ನೇ ಹೇಳಿದರು, ಕಾಲರ್ ಬದಲಿಸಿ 650 ಡಾಲರ್ ತೆಗೆದುಕೊಂಡು ಹೋದರು. ನವೆಂಬರಿನಲ್ಲಿ ಎರಡು ದಿನ ಜೋರು ಮಳೆ ಬಂತು, ಸೀಲಿಂಗು ಒದ್ದೆಯಾಗಲಿಲ್ಲ. ಎಲ್ಲರಿಗೂ ಸಮಾಧಾನ. ಕಾಲರ್ ಸೀಳಿದ್ದು ನಿಜ, ಬದಲಿಸಬೇಕಾದದ್ದೂ ನಿಜ. ಕಣ್ಣಿಗೆ ಸಿಕ್ಕ ಆ ದೋಷ ಅಷ್ಟು ಖಂಡಿತವಾಗಿದ್ದರಿಂದಲೇ ನಾವು ಹುಡುಕುವುದನ್ನು ನಿಲ್ಲಿಸಿದೆವು.

ಒಂದು ಅಳತೆ ಟೇಪು ಹಿಡಿದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಪಕ್ಕದ ಗೋಡೆಯ ಕಿಟಕಿಯನ್ನು ಗುರುತಾಗಿಟ್ಟುಕೊಂಡು ಒಳಗೂ ಹೊರಗೂ ಅಳೆದು ನೋಡಿದ್ದು ಜನವರಿಯಲ್ಲಿ. ಕಾಲರ್ ಇದ್ದದ್ದು ಕಲೆಗಿಂತ ಎರಡಡಿ ಕೆಳಗೆ, ಇಳಿಜಾರಿನಲ್ಲಿ. ನೀರು ಪಕಾಸಿನ ಗುಂಟ ಎಷ್ಟು ದೂರ ಬೇಕಾದರೂ ಇಳಿದೀತು, ಹತ್ತಲಾರದು.

ಬಾಣಂತನದ ಚಳಿಗಾಲ

ನವೆಂಬರ್ ಮೊದಲ ವಾರ ಮಗಳ ಹೆರಿಗೆಗೆಂದು ಶಿರಸಿ ಕಡೆಯಿಂದ ಅಪ್ಪ ಅಮ್ಮ ಬಂದಿಳಿದರು. ತಿಂಗಳ ಕೊನೆಗೆ ಮಗು. ಬಾಣಂತಿ ಕೋಣೆ ಬೆಚ್ಚಗಿರಲಿ ಎಂದು ಅಟ್ಟದ ಕೋಣೆಯನ್ನೇ ಆರಿಸಿದರು. ದಿನಾ ತಾಯಿ ಮಗುವಿಗೆ ಎಣ್ಣೆ ಹಚ್ಚಿ ಹಬೆಯಾಡುವ ನೀರಿನ ಸ್ನಾನ. ಫ್ಯಾನಿನ ಗಾಳಿ ಥಂಡಿ ಅಂತ ಬಚ್ಚಲ ಫ್ಯಾನು ಆರಿಸಿಟ್ಟು, ಸ್ನಾನ ಮುಗಿದು ಬಾಗಿಲು ತೆಗೆದ ಮೇಲೆ ಐದು ನಿಮಿಷ ಹಾಕುತ್ತಿದ್ದರು. ಮಗುವಿನ ಬಟ್ಟೆ ಡ್ರೈಯರಿಗೆ ಹಾಕಲು ಅಮ್ಮನಿಗೆ ಮನಸ್ಸಿಲ್ಲ, ಕೋಣೆಯಲ್ಲೇ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಒಣ ಹವೆಗೆ ಅಪ್ಪನಿಗೆ ಮೂಗಿನಲ್ಲಿ ರಕ್ತ ಬಂತೆಂದು ಅಳಿಯ ಮನೆ ಬಿಸಿ ಮಾಡುವ ಫರ್ನೇಸಿನ ಹ್ಯೂಮಿಡಿಫೈಯರನ್ನು (ಗಾಳಿಗೆ ತೇವ ಸೇರಿಸುವ ಯಂತ್ರ) ಶೇಕಡಾ 45ಕ್ಕೆ ಏರಿಸಿದ್ದರು. ಒಂದೊಂದೂ ಪ್ರೀತಿಯಿಂದ ಮಾಡಿದ್ದು. ಎಲ್ಲದರ ಆವಿಯೂ ಒಂದೇ ಸೀಲಿಂಗಿನ ಕೆಳಗೆ ಸೇರುತ್ತಿತ್ತು.

ಜನವರಿ ಎರಡನೇ ವಾರ ಮೈ ಕೊರೆಯುವ ಚಳಿ ಬಂದು ಐದಾರು ದಿನ ನಿಂತಿತು. ಅದು ಸಡಿಲಿದ ಮೊದಲ ಮಧ್ಯಾಹ್ನ ಸೀಲಿಂಗಿನಿಂದ ಹನಿ ತೊಟ್ಟಿಕ್ಕಿತು. ಹಳೇ ಕಲೆ ತಟ್ಟೆಯಗಲ ಆಗಿ, ಪಕ್ಕದಲ್ಲಿ ಇನ್ನೆರಡು ಸಣ್ಣ ಕಲೆ ಹುಟ್ಟಿದವು. ಹನಿ ತೊಟ್ಟಿಲಿನಿಂದ ಮೂರಡಿ ಆಚೆ ಬೀಳುತ್ತಿತ್ತು.

ಎರಡು ದಿನದಲ್ಲಿ ಮೂರು ಸಲಹೆ ಬಂದವು. ಮಾಡಿನವರು ಫೋನಿನಲ್ಲೇ ಇದು ಐಸ್ ಡ್ಯಾಮ್ ಎಂದರು, ಶಿಂಗಲ್ (ಮಾಡಿಗೆ ಹೊದಿಸುವ ತೆಳು ಬಿಲ್ಲೆ) ಪೂರ್ತಿ ಕಿತ್ತು ಕೆಳಗೆ ಅಂಟುಪೊರೆ ಹಾಸಬೇಕು, 14,000 ಡಾಲರ್ ಎಂದರು. ಪಕ್ಕದ ಮನೆಯವರು ಮಾಡಿಗೆ ಕರೆಂಟಿನ ಎಕ್ಸಾಸ್ಟ್ ಫ್ಯಾನು ಕೂರಿಸಿ ಎಂದರು. ಅಳಿಯನ ಸಹೋದ್ಯೋಗಿಯೊಬ್ಬರು ಸೂರಿಗೆ ಬಿಸಿ ತಂತಿ ಎಳೆಸಿ ಎಂದರು. ನನಗೆ ಫೋನು ಬಂದಾಗ ಅಳಿಯ 14,000ದ ಕಾಗದಕ್ಕೆ ಸಹಿ ಹಾಕುವ ಅಂದಾಜಿನಲ್ಲಿದ್ದರು. ಮನೆಯಲ್ಲಿ ಹಸುಗೂಸು ಇರುವಾಗ ಯಾರಾದರೂ ಹಾಗೇ ಯೋಚಿಸುತ್ತಾರೆ.

ಐಸ್ ಡ್ಯಾಮ್ ಇಲ್ಲಿ ದೊಡ್ಡ ಕಾಟ, ಅದೂ ಒಂದೂವರೆ ಅಂತಸ್ತಿನ ಮನೆಗಳಲ್ಲಿ. ಒಳಗಿನ ಬಿಸಿ ಸೋರಿ ಮಾಡಿನ ಮೇಲಿನ ಹಿಮ ಕರಗುತ್ತದೆ. ನೀರು ಇಳಿದು ತಣ್ಣಗಿನ ಸೂರಿನಲ್ಲಿ ಮತ್ತೆ ಹೆಪ್ಪುಗಟ್ಟಿ ಅಣೆಕಟ್ಟು ಕಟ್ಟುತ್ತದೆ. ಹಿಂದೆ ನಿಂತ ನೀರು ಶಿಂಗಲ್ ಅಡಿಗೆ ನುಗ್ಗುತ್ತದೆ. ಆದರೆ ಆ ನೀರು ಒಳಗೆ ಕಾಣುವುದು ಸೂರಿನ ಹತ್ತಿರ, ಹೊರಗೋಡೆಯ ಮೇಲ್ತುದಿಯಲ್ಲಿ. ಈ ಕಲೆ ಇದ್ದದ್ದು ಮಾಡಿನ ನೆತ್ತಿಗೆ ಹತ್ತಿರ. ಆ ಬದಿಯ ಸೂರಿನಲ್ಲಿ ಐಸ್ ಇದ್ದದ್ದೂ ಕೈಬೆರಳಿನಷ್ಟು. ಸಹಿ ಹಾಕಬೇಡಿ, ನಾಳೆ ಬರುತ್ತೇನೆ ಎಂದೆ. ಈ ಸಲ ಫೋಟೋ ಕೇಳಲಿಲ್ಲ.

ಮಾವನವರ ನೋಟ್‌ಬುಕ್ಕು

ಮರುದಿನ ಹೋದಾಗ ಮಾವನವರು ಒಂದು ನೋಟ್‌ಬುಕ್ಕು ಮುಂದಿಟ್ಟರು. ಅಡಿಕೆ ತೋಟದವರು. ಊರಿನಲ್ಲಿ ಅಂಗಳದ ಮಳೆಮಾಪಕ ನೋಡಿ ದಿನದ ಮಳೆ ಬರೆದಿಡುವುದು ಅವರ ಎಷ್ಟೋ ವರ್ಷದ ಅಭ್ಯಾಸ. ಇಲ್ಲಿ ಬರೆಯಲು ಮಳೆ ಇಲ್ಲದೆ ಕಿಟಕಿ ಹೊರಗಿನ ಥರ್ಮಾಮೀಟರ್ ನೋಡಿ ಬರೆಯುತ್ತಿದ್ದರು, ಸೆಲ್ಸಿಯಸ್ಸಿನಲ್ಲಿ. ಹನಿ ಶುರುವಾದ ಮೇಲೆ ಹಿಂದಿನ ದಿನಗಳಿಗೂ ಅದನ್ನು ಸೇರಿಸಿದ್ದರು. ಸೀಲಿಂಗಿನ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕೂ ಹಾಕಿದ್ದರು.

"ಜ. 11. ಬೆಳಿಗ್ಗೆ -26. ಮೋಡ. ಹನಿ ಇಲ್ಲ.
ಜ. 12. -24. ಮೋಡ, ಸಂಜೆ ಹಿಮ. ಹನಿ ಇಲ್ಲ.
ಜ. 14. ಬೆಳಿಗ್ಗೆ -15, ಮಧ್ಯಾಹ್ನ -4. ಒಳ್ಳೆ ಬಿಸಿಲು. 12:30ರಿಂದ 3ರವರೆಗೆ ಹನಿ. ಅರ್ಧ ಲೋಟ.
ಜ. 15. -6. ಮೋಡ. ಹನಿ ಇಲ್ಲ.
ಜ. 16. -3. ಬಿಸಿಲು. 1 ಗಂಟೆಯಿಂದ ಹನಿ, ಮೊನ್ನೆಗಿಂತ ಕಡಿಮೆ."

"ಬಿಸಿಲು ಬಂದ ದಿನ ಮಾತ್ರ ಸೋರ್ತದೆ ಮಾರಾಯ್ರೇ. ಇಂಥಾ ಮಾಡು ನಾ ಕಂಡಿಲ್ಲ" ಎಂದರು.

ಅಕ್ಟೋಬರಿನಿಂದ ನಾವೆಲ್ಲ ಕಲೆಯ ಆಕಾರ, ಬಣ್ಣ, ಜಾಗ ನೋಡುತ್ತಿದ್ದೆವು. ಅದು ಯಾವಾಗ ಒದ್ದೆಯಾಗುತ್ತದೆ ಎಂದು ಕೇಳಿದವರು ಇವರೊಬ್ಬರೇ. ಹೊರಗೆ ಸೊನ್ನೆಗಿಂತ ಕೆಳಗಿದೆ, ಆಕಾಶದಿಂದ ನೀರು ಬಿದ್ದಿಲ್ಲ, ದಕ್ಷಿಣದ ಇಳಿಜಾರಿನ ಹಿಮ ಗಾಳಿಗೆ ಹಾರಿಹೋಗಿ ಕಪ್ಪು ಶಿಂಗಲ್ ಬಿಸಿಲಿಗೆ ತೆರೆದಿದೆ. ಬಿಸಿಲು ನೆತ್ತಿಗೇರಿದಾಗ ಹನಿ, ಇಳಿದಾಗ ನಿಂತಿತು. ಎರಡನೇ ಬಿಸಿಲಿಗೆ ಹನಿ ಕಡಿಮೆ. ಎಂದರೆ ನೀರಿನ ದಾಸ್ತಾನು ಮಾಡಿನ ಒಳಮೈಯಲ್ಲಿದೆ, ಚಳಿಯ ದಿನಗಳಲ್ಲಿ ಕೂಡಿಬಿದ್ದು ಬಿಸಿಲಿಗೆ ಕರಗಿ ಖಾಲಿಯಾಗುತ್ತಿದೆ. ಇಲ್ಲಿನ ತಪಾಸಣೆಯವರು ಇದನ್ನು ಅಟ್ಟದ ಮಳೆ ಎನ್ನುತ್ತಾರೆ.

ಹೈಗ್ರೋಮೀಟರ್ ತೆಗೆದೆ. ಕೋಣೆ 21 ಡಿಗ್ರಿ, ತೇವಾಂಶ ಶೇಕಡಾ 52. ಆ ಗಾಳಿ 11 ಡಿಗ್ರಿಯ ಯಾವುದೇ ಮೈಗೆ ತಗುಲಿದರೂ ಬೆವರುತ್ತದೆ. ಚಳಿಯ ದಿನಗಳಲ್ಲಿ ಶಿಂಗಲ್ ಅಡಿಯ ಹಲಗೆ ಇದ್ದದ್ದು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಹೊರಗೆ ಇಂಥ ಚಳಿ ಇರುವಾಗ ಒಳಗಿನ ತೇವಾಂಶ 20ರಿಂದ 25ರೊಳಗೆ ಇರಲಿ ಎಂಬುದು ಇಲ್ಲಿನ ರೂಢಿಯ ಲೆಕ್ಕ. ಕಿಟಕಿಯ ಗಾಜಿನ ಕೆಳಗೆಲ್ಲ ಬೆರಳು ದಪ್ಪ ಐಸ್ ಕಟ್ಟಿತ್ತು. ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಒರೆಸುತ್ತಿದ್ದರಂತೆ.

ಎಲ್ಲಿ ಕೊಯ್ಯುವುದು

ಗೂಡಿನೊಳಗೆ ನೋಡಲೇಬೇಕು, ಬಾಗಿಲಿಲ್ಲ. ಹೊರಗಿನಿಂದ ಶಿಂಗಲ್ ಬಿಚ್ಚಿದರೆ ಚಳಿಗೆ ಸೆಡೆತು ಮುರಿಯುತ್ತವೆ, ಮತ್ತೆ ಅಂಟುವುದೂ ಇಲ್ಲ. ಕಪಾಟಿನ ಸೀಲಿಂಗು ಕೊಯ್ಯೋಣವೇ ಎಂದು ಅಳಿಯ ಕೇಳಿದರು. ನಾನು ಕಲೆಯ ಮಧ್ಯವನ್ನು ಹೆಬ್ಬೆರಳಿನಿಂದ ಒತ್ತಿದೆ, ಬೋರ್ಡು ನೆನೆದ ಬಿಸ್ಕತ್ತಿನಂತೆ ಒಳಗೆ ಹೋಯಿತು. ಇದು ಹೇಗೂ ಉಳಿಯುವುದಲ್ಲ, ಇಲ್ಲೇ ಕೊಯ್ಯೋಣ ಎಂದೆ. ರಿಪೇರಿಗೆ ಕತ್ತರಿಸಬೇಕಾದ ಜಾಗವೇ ತಪಾಸಣೆಯ ಕಿಂಡಿಯಾಯಿತು. ಅದೂ ಹಿಮ ಕಟ್ಟಿರುವಾಗಲೇ ನೋಡಬೇಕು. ಇದೇ ಗೂಡನ್ನು ಜೂನಿನಲ್ಲಿ ತೆರೆದಿದ್ದರೆ ಒಣ ಮರ, ಒಂದಿಷ್ಟು ಧೂಳು ಕಂಡು ಏನೂ ಇಲ್ಲ ಎಂದು ಮುಚ್ಚುತ್ತಿದ್ದೆವು.

ಗರಗಸ ಹಿಡಿಯುವ ಮೊದಲು ಎರಡು ಕೆಲಸ. ತಾಯಿ ಮಗು ಕೆಳಗಿನ ಕೋಣೆಗೆ. ಆಮೇಲೆ ಮೊಣಕಾಲು ಗೋಡೆಯ ಹಿಂದಿನ ಇನ್ಸುಲೇಷನ್ (ಬಿಸಿ ತಡೆಯುವ ಪದರ) ಯಾವುದೆಂದು ಟಾರ್ಚು ಹಾಕಿ ನೋಡಿದೆ. ಈ ಊರಿನ ಹಳೇ ಮನೆಗಳಲ್ಲಿ ವರ್ಮಿಕ್ಯುಲೈಟ್ ಎಂಬ ಮಿನುಗುವ ಬೂದುಚಿನ್ನದ ಬಣ್ಣದ ಹರಳು ಸಿಗುತ್ತದೆ. ಮೊಂಟಾನಾದ ಲಿಬಿ ಗಣಿಯಿಂದ ಬಂದ ಆ ಖನಿಜದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಬೆರೆತಿತ್ತು. ಗಣಿ ಮುಚ್ಚಿದ್ದು 1990ರಲ್ಲಿ. ಆ ಅದಿರನ್ನು ಹುರಿದು ಅರಳಿಸುವ ಕಾರ್ಖಾನೆಯೊಂದು ಮಿನಿಯಾಪೊಲಿಸ್ ನಗರದೊಳಗೇ ದಶಕಗಟ್ಟಲೆ ನಡೆದಿತ್ತು. ಆ ಹರಳು ಕಂಡರೆ ಕೈ ಹಾಕುವುದಿಲ್ಲ, ಪರವಾನಗಿ ಇರುವವರನ್ನೇ ಕರೆಯಬೇಕು. ಇಲ್ಲಿ ಕಂಡದ್ದು ಗಾಜಿನ ಹತ್ತಿ ಮಾತ್ರ. ಅಟ್ಟ ಕಟ್ಟಿದ್ದು 1988 ಆದ್ದರಿಂದ ಸೀಸದ ಬಣ್ಣದ ಭಯವೂ, ಡ್ರೈವಾಲ್ ಕೀಲಿನ ಪುಟ್ಟಿಯಲ್ಲಿ ಕಲ್ನಾರಿನ ಭಯವೂ ಇರಲಿಲ್ಲ. ಎರಡಕ್ಕೂ 1970ರ ದಶಕದ ಕೊನೆಗೇ ನಿಷೇಧ ಬಿದ್ದಿತ್ತು. ಪರ್ಮಿಟ್ ದಾಖಲೆ ಹುಡುಕಿದ್ದು ಇದಕ್ಕೇ.

ಬೋರ್ಡು ಕೊಯ್ದು ಗಾಜಿನ ಹತ್ತಿ ಸರಿಸಿ ತಲೆ ತೂರಿಸಿದೆ. ಹಲಗೆಯ ಅಡಿಮೈ ಪೂರ್ತಿ ಬೆಳ್ಳಗೆ. ಫ್ರೀಜರಿನ ಗೋಡೆಗೆ ಕಟ್ಟುತ್ತದಲ್ಲ, ಅಂಥ ಹಿಮದ ಪದರ. ಶಿಂಗಲ್ ಮೊಳೆಗಳ ಒಂದೊಂದು ತುದಿಗೂ ಮಲ್ಲಿಗೆ ಮೊಗ್ಗಿನಷ್ಟು ಐಸ್. ಟಾರ್ಚಿನ ಬೆಳಕಿಗೆ ಚೆಂದವಾಗೇ ಕಾಣುತ್ತಿತ್ತು. ಬಚ್ಚಲ ಕಡೆ ಬೆಳಕು ತಿರುಗಿಸಿದಾಗ ನಾಲ್ಕಿಂಚಿನ ಒಂದು ಮಡಚು ಕೊಳವೆ ಕಂಡಿತು. ಬಚ್ಚಲ ಫ್ಯಾನಿನಿಂದ ಹೊರಟು, ಎರಡು ಕಡೆ ಜೋತುಬಿದ್ದು, ಮಾಡಿನ ಗಾಳಿಕಿಂಡಿಯ ಹತ್ತಿರ ಬಂದು ನಿಂತಿತ್ತು. ಹತ್ತಿರ ಅಷ್ಟೇ. ಕಿಂಡಿಗೂ ಕೊಳವೆಯ ಬಾಯಿಗೂ ಒಂದು ಗೇಣು ಅಂತರ. ಆವಿ ತಾನಾಗಿ ಹೊರಗೆ ಹೋಗುತ್ತದೆ ಎಂದು 1988ರಲ್ಲಿ ಯಾರೋ ಅಂದುಕೊಂಡಿದ್ದರು. ಬಚ್ಚಲ ಗಾಳಿಯನ್ನು ಮನೆಯ ಹೊರಗೇ ಬಿಡಬೇಕು, ಅಟ್ಟದೊಳಗೆ ಬಿಡುವಂತಿಲ್ಲ ಎನ್ನುತ್ತದೆ ಇಲ್ಲಿನ ಕಟ್ಟಡ ನಿಯಮ. ಜೋತ ಜಾಗದಲ್ಲಿ ಕೊಳವೆ ಭಾರವಾಗಿತ್ತು. ಬಿಚ್ಚಿ ಬಗ್ಗಿಸಿದಾಗ ಒಳಗಿನ ಐಸ್ ಲೊಡಕ್ ಎಂದು ಜಾರಿತು. ಬಚ್ಚಲ ಫ್ಯಾನಿನ ಜಾಲರಿಯಿಂದಲೂ ಒಮ್ಮೊಮ್ಮೆ ಹನಿ ಬೀಳುತ್ತಿತ್ತು, ಸ್ನಾನದ ಹಬೆ ಅಂದುಕೊಂಡಿದ್ದೆವು ಎಂದು ಅತ್ತೆಯವರು ಆಗ ನೆನಪಿಸಿಕೊಂಡರು.

ಕೊಳವೆಯೊಂದನ್ನೇ ಅಪರಾಧಿ ಮಾಡಿ ಮುಗಿಸಲು ಆಸೆಯಾಯಿತು. ಅಕ್ಟೋಬರಿನ ಕಾಲರ್ ನೆನಪಾಗಿ ತಡೆದೆ. ಫ್ಯಾನು ಓಡುತ್ತಿದ್ದದ್ದು ದಿನಕ್ಕೆ ಐದು ಹತ್ತು ನಿಮಿಷ, ಇಷ್ಟು ಹಿಮಕ್ಕೆ ಅದೊಂದೇ ಸಾಲದು. ಮೊಂಬತ್ತಿ ಆರಿಸಿ ಅದರ ಹೊಗೆ ಹಿಡಿದು ನೋಡುತ್ತಾ ಹೋದೆ. ಫ್ಯಾನಿನ ಪೆಟ್ಟಿಗೆಯ ಸುತ್ತಲ ಸಂದಿ, ಸೀಲಿಂಗಿನಲ್ಲಿ ಹುದುಗಿಸಿದ ಎರಡು ಹಳೇ ದೀಪ, ಬಚ್ಚಲ ಗೋಡೆಯ ಮೇಲ್ತುದಿಯಲ್ಲಿ ವೈರಿಗೆಂದು ಕೊರೆದ ತೂತುಗಳು, ಎಲ್ಲ ಕಡೆ ಹೊಗೆ ಮೇಲಕ್ಕೆ ಸೆಳೆಯಿತು. ಚಳಿಗಾಲದಲ್ಲಿ ಬಿಸಿ ಮನೆಯೇ ಒಂದು ಚಿಮಣಿ, ಒಳಗಿನ ಗಾಳಿ ಹಗಲೂ ರಾತ್ರಿ ನೆತ್ತಿಗೆ ಒತ್ತುತ್ತಿರುತ್ತದೆ. ಗಾಜಿನ ಹತ್ತಿ ಬಿಸಿಯನ್ನು ತಡೆದೀತು, ಗಾಳಿಯನ್ನು ತಡೆಯುವುದಿಲ್ಲ. ಸಂದಿ ಇದ್ದ ಜಾಗದಲ್ಲೆಲ್ಲ ಹತ್ತಿ ಮಸಿ ಸೋಸಿದ ಬಟ್ಟೆಯಂತೆ ಕಪ್ಪಾಗಿತ್ತು.

ಪಕ್ಕದ ಮನೆಯವರು ಹೇಳಿದ ಕರೆಂಟು ಫ್ಯಾನನ್ನು ಬೇಡ ಎಂದದ್ದು ಇದಕ್ಕೇ. ಸೀಲಿಂಗು ಇಷ್ಟು ಸೋರುವಾಗ ಮೇಲೆ ಎಳೆಯುವ ಫ್ಯಾನು ಕೂರಿಸಿದರೆ ಅದು ಹೊರಗಿನ ಗಾಳಿಗಿಂತ ಕೋಣೆಯ ಗಾಳಿಯನ್ನೇ ಹೆಚ್ಚು ಹೀರುತ್ತದೆ. ಬಿಸಿ ತಂತಿ ಐಸ್ ಡ್ಯಾಮಿಗೆ ಮದ್ದು, ಇಲ್ಲಿ ಆ ರೋಗವೇ ಇರಲಿಲ್ಲ. 14,000ದ ಹೊಸ ಮಾಡು ಹಾಕಿಸಿದ್ದರೆ ಹೊಸ ಶಿಂಗಲ್ ಅಡಿಯಲ್ಲಿ ಅದೇ ಹಿಮ ಕಟ್ಟುತ್ತಿತ್ತು.

ಬಾಣಂತನದ ಮಾತು. ಅತ್ತೆಯವರು ಮುಖ ಸಣ್ಣದು ಮಾಡಿಕೊಂಡು, ತಮ್ಮ ಬಿಸಿನೀರಿನಿಂದಲೇ ಹೀಗಾಯಿತೇ ಎಂದು ಕೇಳಿದರು. ಅಲ್ಲ ಎಂದೆ, ಮನಸ್ಸು ಸಮಾಧಾನ ಮಾಡಲು ಹೇಳಿದ್ದಲ್ಲ. ಹಿಂದಿನ ಚಳಿಗಾಲ ಮನೆಯಲ್ಲಿ ಇಬ್ಬರೇ ಇದ್ದಾಗಲೂ ಕಲೆ ಬಿದ್ದಿತ್ತು. ದಾರಿ ಮೊದಲೇ ತೆರೆದಿತ್ತು, ಈ ವರ್ಷ ಅದರಲ್ಲಿ ಹೋಗುವ ಆವಿ ಹೆಚ್ಚಾಯಿತು.

ಜನವರಿಯಲ್ಲಿ ಮಾಡಿದ್ದು, ಮೇ ತಿಂಗಳಿಗೆ ಬಿಟ್ಟದ್ದು

ಕಾರಣ ಗೊತ್ತಾದ ಖುಷಿಯಲ್ಲಿ ಅಳಿಯ ಅವತ್ತೇ ಬೋರ್ಡು ತರಲು ಹೊರಟಿದ್ದರು. ಈ ಕೆಲಸದಲ್ಲಿ ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ: ಸೀಲಿಂಗು ಮುಚ್ಚುವುದು ಕೊನೆಗೆ. ಕೊಳವೆಗೆ ಮಾಡಿನಲ್ಲಿ ಹೊಸ ಬಾಯಿ ಬೇಕು. ಚಳಿಯಲ್ಲಿ ಶಿಂಗಲ್ ಕತ್ತರಿಸಿದರೆ ನಾಳೆ ನಿಜವಾಗಿ ಮಳೆಗೆ ಸೋರುತ್ತದೆ. ಸಂದಿ ಮುಚ್ಚುವ ಡಬ್ಬಿಯ ನೊರೆಯೂ ಚಳಿಗೆ ಸರಿಯಾಗಿ ಉಬ್ಬುವುದಿಲ್ಲ. ಹಾಗಂತ ಕಿಂಡಿಯನ್ನು ತೆರೆದಿಡುವುದೂ ತಪ್ಪು, ಕೋಣೆಯ ಗಾಳಿ ಪೂರ್ತಿ ಅಲ್ಲಿಂದಲೇ ಏರುತ್ತದೆ. ಹತ್ತಿ ವಾಪಸು ಹಾಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿದೆವು. ದೀಪಗಳನ್ನೂ ಫ್ಯಾನನ್ನೂ ಆರಿಸಿ ಕೆಳಗಿನಿಂದ ಹಾಗೇ ಮುಚ್ಚಿದೆವು.

ಉಳಿದದ್ದು ಮನೆಯವರ ಕೆಲಸ. ಹ್ಯೂಮಿಡಿಫೈಯರ್ ಬಂದ್. ಸ್ನಾನ ಕೆಳಗಿನ ಬಚ್ಚಲಿಗೆ, ಅಲ್ಲಿನ ಫ್ಯಾನು ಗೋಡೆ ಮೂಲಕ ನೇರ ಹೊರಗೆ ಹೋಗುತ್ತದೆ. ಬಟ್ಟೆಯ ಹಗ್ಗ ಬಿಚ್ಚಿ ಡ್ರೈಯರಿಗೆ. ಇದಕ್ಕೆ ಅತ್ತೆಯವರು ಒಪ್ಪಿದ್ದು ಎರಡನೇ ದಿನ, ಅದೂ ಮಗುವಿನ ಟೋಪಿ ಮತ್ತು ಕುಲಾವಿ ಬಿಟ್ಟು. ಮಾವನವರ ಮೂಗಿಗೆ ರಾತ್ರಿ ಎರಡು ತೊಟ್ಟು ಕೊಬ್ಬರಿ ಎಣ್ಣೆ. ಒಂಬತ್ತು ದಿನದಲ್ಲಿ ಕೋಣೆಯ ತೇವಾಂಶ 52ರಿಂದ 31ಕ್ಕೆ ಇಳಿಯಿತು. ಕಿಟಕಿಯ ಐಸ್ ಹೋಯಿತು. ಜನವರಿ ಕೊನೆಯ ಎರಡು ಬಿಸಿಲಿಗೆ ಪ್ಲಾಸ್ಟಿಕ್ ಮೇಲೆ ಒಂದಿಷ್ಟು ನೀರು ನಿಂತಿತು, ಆಮೇಲೆ ಇಲ್ಲ. ಫೆಬ್ರವರಿಯಲ್ಲಿ ಮತ್ತೆ ಚಳಿ ಬಂದು ಹೋದಾಗ ನೋಟ್‌ಬುಕ್ಕಿನಲ್ಲಿ "ಬಿಸಿಲು. ಹನಿ ಇಲ್ಲ" ಎಂದು ಅಡಿಗೆರೆ ಹಾಕಿ ಬರೆದಿದ್ದರು. ದೊಡ್ಡ ಪಾಲು ಗುಣ ಒಂದು ಮೊಳೆಯನ್ನೂ ಹೊಡೆಯದೆ ಸಿಕ್ಕಿತು.

ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಬಿಚ್ಚಿದಾಗ ಹಲಗೆ ತಾನಾಗಿ ಒಣಗಿತ್ತು. ಮರದ ತೇವ ಅಳೆಯುವ ಸೂಜಿ ಮೀಟರಿನಲ್ಲಿ ಶೇಕಡಾ 14. ಜನವರಿಯಲ್ಲಿ ಮೀಟರ್ ಚುಚ್ಚಿರಲಿಲ್ಲ, ಹೆಪ್ಪುಗಟ್ಟಿದ ಮರದಲ್ಲಿ ಅದು ಹೇಳುವುದನ್ನು ನಂಬಬಾರದು. ಹಲಗೆಯಲ್ಲಿ ಅಲ್ಲಲ್ಲಿ ಕಪ್ಪು ಬೂಷ್ಟು, ಎಲ್ಲ ಸೇರಿಸಿದರೆ ಆರು ಚದರಡಿ. ಹತ್ತು ಚದರಡಿಗಿಂತ ಕಡಿಮೆ ಇದ್ದರೆ ಮನೆಯವರೇ ಶುಚಿ ಮಾಡಿಕೊಳ್ಳಬಹುದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗದರ್ಶಿ. ಎನ್95 ಮಾಸ್ಕು ಹಾಕಿ, ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ವ್ಯಾಕ್ಯೂಮಿನಿಂದ ಎಳೆದು, ಒರೆಸಿದೆವು. ಮರ ಗಟ್ಟಿಯಿತ್ತು.

ಸಂದಿ ಮುಚ್ಚುವ ಕೆಲಸಕ್ಕೆ ಒಂದೂವರೆ ದಿನ ಹಿಡಿಯಿತು, ಬೆನ್ನು ನೋವಿಗೆ ನಾಲ್ಕು ದಿನ. ವೈರಿನ ತೂತುಗಳಿಗೆ ನೊರೆ, ಹುದುಗಿಸಿದ ದೀಪಗಳನ್ನು ಕಿತ್ತು ಸೀಲಿಂಗಿಗೆ ಅಂಟಿ ಕೂರುವ ತೆಳು ದೀಪ. ಫ್ಯಾನು ಬದಲಿಸಿ, ಸ್ನಾನ ಮುಗಿದ ಮೇಲೂ ಇಪ್ಪತ್ತು ನಿಮಿಷ ಓಡುವ ಟೈಮರ್ ಹಾಕಿಸಿದರು. ಜೋತುಬಿದ್ದ ಕೊಳವೆಯ ಬದಲು ತಗಡಿನ ಗಟ್ಟಿ ಕೊಳವೆ, ಮೈತುಂಬ ಇನ್ಸುಲೇಷನ್ ಸುತ್ತಿ, ಕೀಲುಗಳಿಗೆ ಅಲ್ಯುಮಿನಿಯಂ ಟೇಪು. ಬಟ್ಟೆಯ ಡಕ್ಟ್ ಟೇಪು ಹೆಸರಿಗೆ ಡಕ್ಟಿನದು, ಕೆಲವು ವರ್ಷಕ್ಕೇ ಸುಲಿದು ಬೀಳುತ್ತದೆ. ಮಾಡಿನ ಮೇಲೆ ಮುಚ್ಚಳವಿರುವ ಬಾಯಿ ಕೂರಿಸಲು ಬೇರೊಬ್ಬ ಕೆಲಸದವರನ್ನು ಕರೆಸಿದರು. ಎಲ್ಲ ಸೇರಿ ಖರ್ಚು 1,900 ಡಾಲರ್ ಚಿಲ್ಲರೆ, ಅದರಲ್ಲಿ ಹೆಚ್ಚಿನದು ಮಾಡಿನ ಬಾಯಿಗೆ ಮತ್ತು ಎಲೆಕ್ಟ್ರಿಷಿಯನ್‌ಗೆ.

ಕೊನೆಗೆ ಡ್ರೈವಾಲ್. ಯಾವುದನ್ನು ಕೊಯ್ಯುವುದು, ಯಾವುದನ್ನು ಉಳಿಸುವುದು ಎಂಬುದಕ್ಕೆ ಕಲೆಯ ಬಣ್ಣ ಅಳತೆಗೋಲಲ್ಲ. ಮೆತ್ತಗಾದ, ಜೋತ, ಕಾಗದ ಬಿಟ್ಟುಕೊಂಡ, ಬೂಷ್ಟು ಹಿಡಿದ ಭಾಗ ಹೋಗಬೇಕು. ಕಲೆಯಿದ್ದೂ ಗಟ್ಟಿಯಾಗಿ ಒಣಗಿದ್ದರೆ ಉಳಿಯಬಹುದು. ದೊಡ್ಡ ಕಲೆಯ ಭಾಗವನ್ನು ಒಂದು ಜಾಯಿಸ್ಟಿನ (ಸೀಲಿಂಗಿನ ಅಡ್ಡ ತೊಲೆ) ಮಧ್ಯದಿಂದ ಇನ್ನೊಂದರ ಮಧ್ಯದವರೆಗೆ ಚೌಕಾಕಾರಕ್ಕೆ ಕೊಯ್ದೆವು, ಹೊಸ ತುಂಡಿನ ಎರಡು ಅಂಚಿಗೆ ಮರ ಸಿಗಲಿ ಎಂದು. ಉಳಿದೆರಡು ಅಂಚಿನ ಹಿಂದೆ ಮರದ ಪಟ್ಟಿ ಕೊಟ್ಟು ಒಂದೂಕಾಲಿಂಚಿನ ಸ್ಕ್ರೂ. ತುಕ್ಕು ಹಿಡಿದ ಹಳೇ ಸ್ಕ್ರೂಗಳನ್ನು ಕಿತ್ತು ಪಕ್ಕದಲ್ಲಿ ಹೊಸದು, ಇಲ್ಲದಿದ್ದರೆ ಒಂದೊಂದೂ ಕಂದು ಚುಕ್ಕೆಯಾಗಿ ಮೂಡುತ್ತದೆ. ಕೀಲಿಗೆ ಜಾಲರಿ ಟೇಪು, ಮೊದಲ ಕೈ ನೀರಲ್ಲಿ ಕಲಸಿದರೆ ತಾನೇ ಗಟ್ಟಿಯಾಗುವ ಪುಡಿ ಪುಟ್ಟಿ, ಮೇಲಿನ ಎರಡು ಕೈ ಡಬ್ಬಿಯ ಪುಟ್ಟಿ, ಒಂದೊಂದು ಕೈಯನ್ನೂ ಮುಂಚಿನದಕ್ಕಿಂತ ಅಗಲಕ್ಕೆ ಎಳೆದು. ಅಳಿಯ ಮೊದಲ ಸಲ ದಪ್ಪಕ್ಕೆ ಮೆತ್ತಿ, ಉಜ್ಜಿ ಉಜ್ಜಿ ಮನೆಯೆಲ್ಲ ಧೂಳು ಮಾಡಿದರು. ಎರಡನೇ ಸಲ ತೆಳ್ಳಗೆ ಎಳೆಯುವುದು ಕಲಿತರು.

ಉಳಿಸಿಕೊಂಡ ಎರಡು ಸಣ್ಣ ಕಲೆಗಳ ಮೇಲೆ ಅರಗಿನ ಪ್ರೈಮರ್. ಅದರ ದ್ರಾವಕ ಆಲ್ಕೋಹಾಲ್ ಆದ್ದರಿಂದ ನೀರಿನ ಕಲೆ ಅದರಲ್ಲಿ ಕರಗಿ ಮೇಲೆ ಬರುವುದಿಲ್ಲ. ಬೇಸಿಗೆಯಲ್ಲಿ ಬಳಿದಿದ್ದ ಲೇಟೆಕ್ಸಿಗೆ ಆಗದ್ದು ಇದೇ. ವಾಸನೆ ಗಾಢ, ಮಗುವನ್ನು ಆ ದಿನ ಗೆಳೆಯರ ಮನೆಗೆ ಕಳಿಸಿದ್ದರು. ಪೇಂಟು ಬಳಿಯುವ ಮುನ್ನ ಮಾವನವರ ಪೆನ್ಸಿಲ್ ಗೆರೆಗಳ ಫೋಟೋ ತೆಗೆದುಕೊಂಡರು. ಅಷ್ಟು ಹೊತ್ತಿಗೆ ಅವರು ಊರಿಗೆ ಹೋಗಿಯಾಗಿತ್ತು, ಮಳೆಗಾಲದೊಳಗೆ ಅಡಿಕೆ ಮರಕ್ಕೆ ಮದ್ದು ಹೊಡೆಯುವ ತಯಾರಿ ಆಗಬೇಕಿತ್ತು.

ಹಳೇ ಕಿಂಡಿ ಮುಚ್ಚಿದರೂ ಗೂಡನ್ನು ಮತ್ತೆ ಕುರುಡು ಮಾಡಲಿಲ್ಲ. ಕಪಾಟಿನ ಸೀಲಿಂಗಿನಲ್ಲಿ ಎರಡು ಜಾಯಿಸ್ಟ್ ನಡುವೆ ಹದಿನಾಲ್ಕೂವರೆ ಇಂಚಿನ ಒಂದು ಪುಟ್ಟ ಬಾಗಿಲು ಮಾಡಿ, ಬೆನ್ನಿಗೆ ಫೋಮ್ ಹಲಗೆ, ಅಂಚಿಗೆ ರಬ್ಬರ್ ಪಟ್ಟಿ ಹಚ್ಚಿದೆವು. ಮನುಷ್ಯ ಹತ್ತಲಾಗದು, ತಲೆ ಮತ್ತು ಟಾರ್ಚು ಹೋಗುತ್ತದೆ.

ಮುಂದಿನ ಜನವರಿಯಲ್ಲಿ ಚಳಿ ಇಪ್ಪತ್ತೈದರ ಕೆಳಗೆ ಇಳಿದು ನಾಲ್ಕು ದಿನ ನಿಂತಾಗ ಅಳಿಯ ಆ ಬಾಗಿಲು ತೆಗೆದು ಫೋಟೋ ಕಳಿಸಿದರು. ದಕ್ಷಿಣದ ಹಲಗೆ ಒಣಗಿತ್ತು. ಉತ್ತರದ ಬದಿ ಏಳೆಂಟು ಮೊಳೆಗಳ ತುದಿಗೆ ಇನ್ನೂ ಸಾಸಿವೆ ಕಾಳಿನಷ್ಟು ಹಿಮ. ಆ ಇಳಿಜಾರಿನ ಸೀಲಿಂಗಿನೊಳಗೆ ಹತ್ತಿ ಹಲಗೆಗೆ ಅಂಟುವಷ್ಟು ತುಂಬಿದ್ದಾರೆ, ಗಾಳಿಯಾಡಲು ದಾರಿಯಿಲ್ಲ. ಅದನ್ನು ಸರಿಮಾಡಲು ಹೊರಗಿನಿಂದ ಮಾಡು ಬಿಚ್ಚಬೇಕು. ಶಿಂಗಲ್ ಇನ್ನೂ ಐದಾರು ವರ್ಷ ಬರುತ್ತವೆ, ಅಲ್ಲಿಯವರೆಗೆ ಕಾಯೋಣ ಎಂದು ತೀರ್ಮಾನಿಸಿದ್ದೇವೆ. ಬಿಸಿಲು ಬಿದ್ದ ದಿನ ಶಿರಸಿಯಿಂದ ವಾಟ್ಸಾಪಿನಲ್ಲಿ ಒಂದೇ ಪದದ ಪ್ರಶ್ನೆ ಬರುತ್ತದಂತೆ: "ಹನಿ?"